ಅಕ್ಕ ಮನೆಯಲ್ಲಿ ಬಿಟ್ಟುಬಂದ ಕನ್ನಡಕ

ಮಸ್ಕಿ ಮಲ್ಲಯ್ಯನ ಆಣೆ, ಇದು ನಡೆದದ್ದೇ. ನಾನು ಕಾಲುವೆಯಲ್ಲಿ ಹಿಡಿದ ಮೊಸಳೆ ಹೇಳುತ್ತ ಹೇಳುತ್ತ ಎರಡು ಮೊಳ ಬೆಳೆದಿರಬಹುದು. ಇದನ್ನು ಒಂದು ಗೇಣೂ ಬೆಳೆಸಿಲ್ಲ. ಬೆಳೆಸುವ ಹಾಗಿದ್ದರೆ ನನ್ನ ಮಾನ ಸ್ವಲ್ಪ ಉಳಿಯುವ ಹಾಗೆ ಬೆಳೆಸುತ್ತಿದ್ದೆ.

ಭತ್ತ ಕೊಯ್ದ ಮೇಲೆ ಹುಲ್ಲು ಸುತ್ತಿ ಕಟ್ಟುವ ಮಷೀನು ಬರುತ್ತದಲ್ಲ, ಅದೊಂದು ತಂದರೆ ನಮ್ಮ ಬಳಗಾನೂರಿನ ಸುತ್ತಲಿನ ಹುಲ್ಲೆಲ್ಲ ನನ್ನದೇ ಎಂದುಕೊಂಡಿದ್ದೆ. ಸಿಂಧನೂರಿನ ಬ್ಯಾಂಕಿನವರು ಹೊಲ ಇದ್ದವರ ಜಾಮೀನು ಕೇಳಿದರು. ಹೊಲ ಇದ್ದದ್ದು ನಮ್ಮಕ್ಕ ಜಂಬಮ್ಮನ ಹೆಸರಿನಲ್ಲಿ. ಮದುವೆಯಲ್ಲಿ ಅಪ್ಪ ಅರಿಶಿನ-ಕುಂಕುಮಕ್ಕೆಂದು ಕೊಟ್ಟ ಎರಡೆಕರೆ ನೀರಾವರಿ.

ಹೆಂಡತಿಯನ್ನು ಕರೆದುಕೊಂಡು ಅಕ್ಕನ ಊರು ಸಂತೆಕಲ್ಲೂರಿಗೆ ಹೋದೆ. ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಅಕ್ಕನಿಗೆ ಉಡಿ ತುಂಬಿಸಿದೆ. ತವರಿನ ಉಡಿ ತುಂಬಿಸಿಕೊಂಡ ಹೆಣ್ಣುಮಗಳು ತಮ್ಮನನ್ನು ಕೆದಕಿ ಕೇಳುವುದಿಲ್ಲ. ಅದು ಗೊತ್ತಿದ್ದೇ ತುಂಬಿಸಿದ್ದು. ಆದರೂ ಒಂದು ಮಾತು ಕೇಳಿದಳು.

"ಪಹಣಿ ಯಾಕ ಬೇಕೋ, ಗುರುಬಸವ?"

"ಒಡಹುಟ್ಟಿದೋರು ಇಲ್ಲದ ಮನಷ್ಯಾನ್ನ ಬ್ಯಾಂಕಿನೋರು ನಂಬಂಗಿಲ್ಲಕ್ಕ. ನೀ ಬಂದು, ಇಂವ ನನ್ನ ತಮ್ಮ ಅಂತ ಸಹಿ ಹಾಕಿದ್ರ ಮುಗೀತು. ಪಹಣ್ಯಾಗ ಅಪ್ಪನ ಹೆಸರು ಐತೆಲ್ಲ, ಅದಕ್ಕ."

ಅಕ್ಕ ಹಿಗ್ಗಿದಳು. ಹೆಂಡತಿಯನ್ನು ಊರಿಗೆ ಕಳಿಸಿ ನಾವಿಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು. ಅಕ್ಕ ಪಕ್ಕದ ಹೆಂಗಸಿಗೂ ಹೇಳಿದಳು. "ನಾ ಇಲ್ಲಂದ್ರ ನನ್ನ ತಮ್ಮಗ ಸಾಲ ಹುಟ್ಟಂಗಿಲ್ಲ ನೋಡವಾ!"

ಬ್ಯಾಂಕಿನಲ್ಲಿ ಸಾಲ ನೋಡುವವರು ಅಂಜುಮ್ ಮೇಡಂ. ಅಕ್ಕನನ್ನು ಕೂರಿಸಿ, ನನಗೆ ಹೇಳಿದರು, "ನೀವು ಹೊರಗ ಕುಂದರ್ರಿ."

"ಅಕ್ಕಗ ನಾ ಎಲ್ಲ ಹೇಳೀನ್ರಿ ಮೇಡಂ."

"ನೀವು ಹೇಳಿದ್ದು ಇರ್ಲಿ. ಜಾಮೀನು ಹಾಕೋರಿಗೆ ಬ್ಯಾಂಕು ಬ್ಯಾರೆ ಹೇಳಬೇಕು. ಅವರೊಬ್ಬರನ್ನೇ ಕುಂದರಿಸಿ ಹೇಳಬೇಕು."

ಮರದ ಹಲಗೆಯ ಆಚೆ, ನೀರಿನ ಕ್ಯಾನಿನ ಪಕ್ಕ ಕೂತೆ. ಎಲ್ಲ ಕೇಳಿಸುತ್ತಿತ್ತು. ತಮ್ಮ ಏನು ಹೇಳಿದ್ದಾನೆಂದು ಮೇಡಂ ಕೇಳಿದರು. ಅಕ್ಕ ನನ್ನ ಕಥೆಯನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದಳು. ಮೇಡಂ ನಗಲಿಲ್ಲ.

"ಹಂಗಲ್ಲಮ್ಮ. ಅವರು ಕಟ್ಟಲಿಲ್ಲಂದ್ರ ನಾವು ನಿಮ್ಮನ್ನ ಕೇಳತೀವಿ. ನಿಮ್ಮ ಎರಡೆಕರೆ ಹರಾಜಿಗೆ ಬರತೈತಿ. ಇನ್ನೊಂದು, ಟ್ರ್ಯಾಕ್ಟರ್ ಸಾಲದಾಗ ಅವರದು ಮೂರು ಕಂತು ನಿಂತಾವ. ಇದನ್ನ ನಿಮಗ ತಿಳಿಸಾಕ ಅವರೇ ಒಪ್ಪಿ ಸಹಿ ಹಾಕ್ಯಾರ."

ಹಾಕಿದ್ದೆ. ಸಾಲದ ಅರ್ಜಿಯಲ್ಲಿ ಹನ್ನೆರಡು ಕಡೆ ತೋರಿಸಿದ್ದರು, ಓದದೆ ಹನ್ನೆರಡು ಕಡೆ ಹಾಕಿದ್ದೆ. ಆ ಟ್ರ್ಯಾಕ್ಟರ್ ಸಾಲ ತೀರಿತೆಂದು ಯುಗಾದಿಗೆ ಅಕ್ಕನ ಮನೆಗೆ ಒಂದು ಕಿಲೋ ಪೇಡೆ ಬೇರೆ ಒಯ್ದಿದ್ದೆ.

ಆಮೇಲೆ ಅಕ್ಕನ ದನಿ.

"ಎಲ್ಲ ಹೇಳ್ಯಾನ್ರಿ ನನ್ನ ತಮ್ಮ. ನಾನೇ ಮರತಿದ್ದೆ. ಆದ್ರ ಇವತ್ತು ಸಹಿ ಆಗಂಗಿಲ್ರಿ, ಕನ್ನಡಕ ಮನ್ಯಾಗ ಬಿಟ್ಟು ಬಂದೀನಿ."

ಇಣುಕಿ ನೋಡಿದೆ. ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು. ಮೇಡಂ ಅದನ್ನೇ ನೋಡುತ್ತ, "ಆಯ್ತಮ್ಮ, ಸಿಕ್ಕಾಗ ಬರ್ರಿ" ಎಂದರು.

ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಕೆಲಸ ನನ್ನದು. ಅಕ್ಕ ಹೇಳಿದ್ದು ಅದೇ ಮೊದಲು. ಅದೂ ನನಗಾಗಿ. ಚೆನ್ನಾಗಿ ಬರಲೇ ಇಲ್ಲ.

ಬಸ್‌ಸ್ಟ್ಯಾಂಡಿನವರೆಗೆ ನಾನು ನೆಲ ನೋಡುತ್ತ ನಡೆದೆ. ಉಡಿಯ ಗಂಟು ಅವಳ ಸೊಂಟದಲ್ಲಿ ಹಾಗೇ ಇತ್ತು. ಬಿಚ್ಚಿ ಮುಖಕ್ಕೆ ಎಸೆದಿದ್ದರೆ ಹಗುರಾಗುತ್ತಿದ್ದೆ.

"ಅಕ್ಕ…"

"ಸುಮ್ನಿರು. ಖರೇ ಹೇಳಿ ಕೇಳಿದ್ರ ಹಾಕೇ ಬಿಡತಿದ್ನೇನೋ, ಹುಚ್ಚಪ್ಪ. ಇನ್ನ ಯಾರನ್ನರ ಜಾಮೀನು ಕೇಳಾಕ ಹೋದ್ರ ಮೊದಲ ಇವತ್ತಿಂದು ಹೇಳು. ಪೇಡೆದೂ ಹೇಳು. ಈ ಉಡಿ ಮುಟ್ಟಿ ಆಣೆ ಮಾಡು."

ಮುಟ್ಟಿದೆ. ಬಸ್ಸು ಹತ್ತಿದ ಮೇಲೆ ಅವಳು ಕಿಟಕಿಯಿಂದ ನನ್ನತ್ತ ನೋಡಲಿಲ್ಲ.

ಅದಕ್ಕೇ ನಿಮಗೆ ಇಷ್ಟೂ ಹೇಳಿದ್ದು, ಪೇಡೆಯನ್ನೂ ಬಿಡದೆ. ಮೂರು ಕಂತಿನಲ್ಲಿ ಒಂದು ಕಟ್ಟಿದ್ದೇನೆ, ಎರಡು ಇನ್ನೂ ಇವೆ. ಸಾಲಗುಂದದಲ್ಲಿ ನಿಮ್ಮದೂ ಮೂರೆಕರೆ ನೀರಾವರಿ ಇದೆಯಂತಲ್ಲ? ನಾಳೆ ಹತ್ತೂವರೆಗೆ ಬ್ಯಾಂಕಿನ ಹತ್ತಿರ ಬಂದುಬಿಡಿ. ಬರುವಾಗ ಪಹಣಿ ತನ್ನಿ. ಕನ್ನಡಕ ಮಾತ್ರ ಮನೆಯಲ್ಲಿ ಬಿಟ್ಟು ಬರಬೇಡಿ.