ಕುರ್ಚಿಯ ಹಿಂದೆ ನಿಂತು ಒಪ್ಪಿಸಿದ ಪಾಠ

ಕತ್ತರಿ ಮಾಮನ ಸೆಲೂನಿಗೆ ಬಂದವರು ಬರೀ ಕೂದಲು ಬಿಟ್ಟು ಹೋಗುವಂತಿರಲಿಲ್ಲ, ಇತಿಹಾಸದ ಒಂದು ಪಾಠ ಹೊತ್ತುಕೊಂಡೇ ಹೋಗಬೇಕಿತ್ತು. ಮುಖದ ತುಂಬ ನೊರೆ, ಕತ್ತಿನ ಹತ್ತಿರ ರೇಜರ್. ಪಾಪ, ಬೇಡ ಅನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ಅಪ್ಪನ ಕತ್ತರಿ ಹಿಡಿದವನು ಈ ಮಾಮ. ಮೊಮ್ಮಗಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿಬಿಟ್ಟಿದ್ದ. ಬೆಳಿಗ್ಗೆ ಅಂಗಡಿ ಗುಡಿಸುತ್ತ ಫೋನಿನಲ್ಲಿ ಪಾಠ ಕೇಳುವುದು, ದಿನವಿಡೀ ಗಿರಾಕಿಗಳ ಬೆನ್ನ ಹಿಂದೆ ನಿಂತು ಅದನ್ನೇ ಒಪ್ಪಿಸುವುದು, ಇದೇ ಅವನ ಓದು.

"ಮಾಮ, ಮೊನ್ನೆ ಪಾಠದಲ್ಲಿ ಆ ಕಾಲುವೆ ಒಡೆದೋಯ್ತಲ್ಲ, ಆಮೇಲೆ ಊರಿಗೆ ನೀರು ಬಂತಾ ಇಲ್ವಾ?" ಎಂದು ಮೀಸೆ ಡ್ರೈವರ್ ಗಡ್ಡ ಬೆಳೆಯುವ ಮೊದಲೇ ಓಡಿ ಬರುತ್ತಿದ್ದ.

"ನೀನೂ ಓದೋಕೆ ಸೇರ್ಕೊಳ್ಳೇ" ಎಂದು ಮಾಮ ಅಂದರೆ, ಮೂಲೆಯಲ್ಲಿ ಟವೆಲ್ ಮಡಿಸುತ್ತಿದ್ದ ಹೆಂಡತಿ, "ಅಯ್ಯೋ, ಒಂದು ಮನೆಗೆ ಒಬ್ಬ ಹುಚ್ಚ ಸಾಕು ರೀ" ಎನ್ನುತ್ತಿದ್ದಳು.

ಬರೆಯುವ ಪರೀಕ್ಷೆಗಳೆಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಒಂದೇ ಒಂದು ಮೌಖಿಕ ಪರೀಕ್ಷೆ. ಹೋದ ವರ್ಷ ಅದಕ್ಕೆ ಹೋಗಿ ಇಬ್ಬರು ಪರೀಕ್ಷಕರ ಎದುರು ಕೂತವನಿಗೆ ಬೆವರು ಬಂತೇ ಹೊರತು ಮಾತು ಬರಲಿಲ್ಲ. ಈ ಸಲವೂ ತಪ್ಪಿದರೆ ಕೋರ್ಸ್ ಮುಗಿಸಲು ಕೊಟ್ಟಿದ್ದ ಅವಧಿಯೇ ಮುಗಿದು, ಇಷ್ಟು ವರ್ಷದ ಓದೆಲ್ಲ ಮಣ್ಣುಪಾಲು.

ಈ ಸಲದ ಪರೀಕ್ಷೆಯ ದಿನ, ಇಬ್ಬರು ಪರೀಕ್ಷಕರಲ್ಲಿ ಒಬ್ಬರಾದ ಮೇಡಂ ನಗುತ್ತಲೇ ಕೇಳಿದರು, "ಹಳೇ ಕಾಲದ ನಗರಗಳಿಗೆ ನೀರು ಹೇಗೆ ಬರ್ತಿತ್ತು, ಹೇಳಿ ನೋಡೋಣ."

ಗೊತ್ತಿದ್ದದ್ದೇ! ನಾಲಿಗೆ ಮಾತ್ರ ಅಂಗುಳಿಗೆ ಅಂಟಿಕೊಂಡಿತ್ತು. ಎದುರಿನಿಂದ ಇಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರೆ ಅವನಿಗೆ ತನ್ನ ಹೆಸರೂ ನೆನಪಾಗುವಂತಿರಲಿಲ್ಲ. ಆಯಿತು, ಇದೂ ಹೋಯಿತು ಅಂದುಕೊಂಡ. ಅಷ್ಟರಲ್ಲಿ ಹಿರಿಯ ಪರೀಕ್ಷಕರ ಕುರ್ಚಿಯ ಹಿಂದಿನ ಖಾಲಿ ಜಾಗ ಕಣ್ಣಿಗೆ ಬಿತ್ತು.

"ಮೇಡಂ, ಒಂದು ಕೇಳ್ಕೊಳ್ಲಾ? ಕೂತ್ರೆ ನಂಗೆ ಮಾತೇ ಬರಲ್ಲ. ಸರ್ ಹಿಂದೆ ನಿಂತ್ಕೊಂಡು ಹೇಳ್ಲಾ?"

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. "ಎಲ್ಲಾದ್ರೂ ನಿಂತ್ಕೊಳ್ಳಿ, ಉತ್ತರ ಬಂದ್ರೆ ಸಾಕು" ಎಂದರು ಸರ್.

ಕುರ್ಚಿಯ ಬೆನ್ನಿಗೆ ಕೈ ತಾಗಿದ್ದೇ ತಡ, ಅಬ್ಬಾ, ಆ ಮಾತಿನ ರಭಸ! ಕೆರೆ, ಕಾಲುವೆ, ತೂಬು, ಬತ್ತಿದ ಬಾವಿ, ನೀರಿಗಾಗಿ ನಡೆದ ಜಗಳ, ಒಂದೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ಕೈ ತನ್ನ ಪಾಡಿಗೆ ತಾನು ಸರ್ ಅವರ ನೆತ್ತಿಯ ಮೇಲೆ ಹೋಗಿ ಕೂತಿತು. "ತಲೆ ಸ್ವಲ್ಪ ಬಗ್ಗಿಸಿ, ಹಾಂ, ಅಲ್ಲಾಡ್ಬೇಡಿ" ಎಂದೂ ಹೇಳಿಬಿಟ್ಟ. ಸರ್ ಬಗ್ಗಿಸಿಯೂ ಬಗ್ಗಿಸಿದರು!

ಮೇಡಂ ಬಾಯಿಗೆ ಕರ್ಚೀಫ್ ಒತ್ತಿಕೊಂಡು ಕುಲುಕುಲು ನಕ್ಕಾಗಲೇ ಮಾಮನಿಗೆ ಎಚ್ಚರವಾದದ್ದು. ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ.

"ತಪ್ಪಾಯ್ತು ಸರ್! ಕೈಯ ಅಭ್ಯಾಸ, ಕ್ಷಮಿಸ್ಬೇಕು!"

"ಕೈ ಅಲ್ಲೇ ಇರ್ಲಿ ಮಾರಾಯ್ರೆ" ಎಂದರು ಸರ್, ಬಗ್ಗಿಸಿದ ತಲೆ ಎತ್ತದೆಯೇ. "ಮೊದ್ಲು ಆ ಕಾಲುವೆ ಊರು ಮುಟ್ಲಿ."

ಕಾಲುವೆ ಊರು ಮುಟ್ಟಿತು. ಮಾಮ ಪಾಸಾದ! ಬಸ್ಸಿಗೂ ಕಾಯದೆ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಂತೆ ಸೆಲೂನಿಗೆ ಓಡಿದ.

"ಪಾಸ್ ಕಣೇ! ನಾನು ಪಾಸ್!"

ಕಾದು ಕಾದು ಸಾಕಾಗಿ ತಾನೇ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದ ಮೀಸೆ ಡ್ರೈವರ್ ಎದ್ದು ಕುಣಿದ. ಹೆಂಡತಿ ಖಾಲಿಯಾದ ಕುರ್ಚಿಗೆ ಗಂಡನನ್ನು ಎಳೆದು ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ಹಿಂದೆ ಹೋಗಿ ನಿಂತಳು.

"ಏನೇ ಇದು? ನನ್ನ ತಲೆ ಬೋಳಿಸ್ತೀಯಾ?"

"ಅಲ್ಲಾಡ್ಬೇಡಿ" ಎಂದು ಅವಳು ಶುರುಮಾಡಿದಳು. "ಮೊದಮೊದಲ ನಗರಗಳು ನದಿ ದಂಡೆ ಮೇಲೇ ಯಾಕೆ ಹುಟ್ಟಿದ್ವು ಅಂದ್ರೆ..."

ಅವನ ಮೊದಲನೇ ವರ್ಷದ ಮೊದಲನೇ ಪಾಠ! ಒಂದು ಮಾತೂ ಆಚೀಚೆ ಆಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತಲೇ ಮಾಮ ಕೇಳಿದ,

"ಇದನ್ನೆಲ್ಲ ಯಾವಾಗ ಕಲ್ತೆ?"

"ಟವೆಲ್ ಮಡಿಸೋವಾಗ. ನಾಳೆ ನನ್ನನ್ನೂ ಕರ್ಕೊಂಡು ಹೋಗಿ ಸೇರಿಸಿ. ಪಾಠದಲ್ಲಿ ಎಲ್ಲಾದ್ರೂ ತಪ್ಪಿದ್ರೆ ಆಮೇಲೆ ಹೇಳಿ, ಈಗ ತಲೆ ಬಗ್ಗಿಸಿ."

ಮಾಮ ತಲೆ ಬಗ್ಗಿಸಿದ.