ಗೋಡೆಯೊಳಗಿನ ದಾರ

ಮಂಚದ ತಲೆಕಡೆಯನ್ನು ಜೊತೆಗಾರ ಎತ್ತಿದ, ಕಾಲುಕಡೆಯನ್ನು ಅಳಿಯ. ಆಸ್ಪತ್ರೆಯಿಂದ ಬರುವ ದೇಹವನ್ನು ಮಲಗಿಸಲು ಅದು ನಡುಮನೆಗೆ ಹೋಗಬೇಕಿತ್ತು. ಗೋಡೆ ಬಿಟ್ಟು ಒಂದಡಿ ಸರಿದಿತ್ತಷ್ಟೆ, ತೀರಿಕೊಂಡವರ ಜೊತೆ ಮೂವತ್ತು ವರ್ಷ ವೈರಿಂಗ್ ಮಾಡಿದ ಆ ಜೊತೆಗಾರ ಗೋಡೆ ನೋಡುತ್ತ ನಿಂತುಬಿಟ್ಟ.

ತೀರಿಕೊಂಡವರ ಹೆಂಡತಿ ಬಾಗಿಲ ಬಳಿ ಕುರ್ಚಿಯಲ್ಲಿದ್ದಳು. ಕಟ್ಟಿ ಮುಗಿದ ಗೋಡೆಯೊಳಗೆ, ಬಣ್ಣಕ್ಕೊಂದು ಗೀರು ಬೀಳದಂತೆ ವೈರು ಎಳೆಯುತ್ತಿದ್ದ ಅವರ ಕೈಚಳಕವನ್ನು ನೆರೆಮನೆಯಾಕೆ ಹೊಗಳುತ್ತಿದ್ದಳು.

"ಹೌದು, ಊರವರ ಗೋಡೆಗಳೆಲ್ಲ ಅವರಿಗೆ ದಾರಿ ಬಿಟ್ವು," ಎಂದಳು ಹೆಂಡತಿ. "ನಮ್ಮನೇದೊಂದು ಬಿಡಲಿಲ್ಲ."

ಅವಳ ಮಂಡಿ ಕೆಟ್ಟು ಹನ್ನೊಂದು ವರ್ಷ. ಗಂಡನೋ, ಬೆನ್ನು ಹಾಸಿಗೆಗೆ ತಾಗಿದರೆ ಕೊರಡಿನಂತೆ ನಿದ್ದೆ; ದೀಪ ಆರಿಸಲು ಅವಳೇ ಬಾಗಿಲತನಕ ಕುಂಟಿ, ತಡಕಾಡುತ್ತ ಮರಳಬೇಕು. ಮಂಚದ ಬಳಿ ಒಂದು ಸ್ವಿಚ್ಚು ಕೇಳಿದ್ದಳು; ಕೇಳಿ ಕೇಳಿ ಬಿಟ್ಟಿದ್ದಳು. ತನ್ನ ಮಾತು ಆ ಕಿವಿಗೆ ಎಂದಾದರೂ ಬಿದ್ದಿತ್ತೇ ಎಂದು ಇನ್ನು ಯಾರನ್ನು ಕೇಳುವುದು?

*

ಹೋದ ವಾರ ಅವಳು ಡಾಕ್ಟರ ಬಳಿ ಹೋಗಿ ಬಂದಾಗ ಗಂಡನ ಹುಬ್ಬೆಲ್ಲ ಬಿಳಿ ಪುಡಿ.

"ಯಾರ ಮನೆ ಗೋಡೆ ತಿಂದ್ರಿ?"

"ಗಟ್ಟಿ ಗೋಡೆ ಕಣೇ. ನಡುವೆ ಕಾಂಕ್ರೀಟು ಅಡ್ಡ ಬಂದಿದೆ."

ಮೈ ಕೊಡವಿಕೊಂಡು ಬನ್ನಿ ಎಂದು ಹೊರಗಟ್ಟಿದ್ದಳು. ಹುಬ್ಬು ಒರೆಸಿಕೊಳ್ಳುತ್ತ ಹೋಗಿದ್ದರು.

*

ಮಂಚ ಸರಿದ ಕಡೆ, ದಿಂಬಿನ ಎತ್ತರಕ್ಕೆ, ಗೋಡೆಯಲ್ಲಿ ಅಂಗೈಯಗಲದ ಚೌಕ ತೂತಿತ್ತು. ತುರುಕಿದ್ದ ಕಾಗದ ಕಿತ್ತರೆ, ಒಳಗೆ ಮೊಳೆಗೆ ಸುತ್ತಿದ ನೈಲಾನ್ ದಾರ. ವೈರನ್ನು ಕಟ್ಟಿ ಎಳೆಯಲು ಮೊದಲು ಗೋಡೆಯೊಳಗೆ ದಾರ ಹಾಯಬೇಕು. ದಾರ ಹಾದರೆ ಕೆಲಸ ಮುಗಿದಂತೆಯೇ. ಇದು ಹಾದಿದೆಯೋ, ಕಾಂಕ್ರೀಟಿನ ಬಳಿಯೇ ಸೋತು ನಿಂತಿದೆಯೋ? ಮಂಚವನ್ನು ನಡುಮನೆಗಿಟ್ಟು ಬಂದ ಜೊತೆಗಾರ ಮೇನ್ ಆರಿಸಿ, ದಾರದ ಇನ್ನೊಂದು ತುದಿ ಹುಡುಕಲು ಬಾಗಿಲ ಪಕ್ಕದ ಸ್ವಿಚ್ ಬೋರ್ಡು ಬಿಚ್ಚಿದ.

"ಅತ್ತಿಗೆ, ಆ ಕಡೆ ಸ್ವಲ್ಪ ಅಲ್ಲಾಡ್ಸಿ."

ಅವಳು ಕುರ್ಚಿ ಸರಿಸಿಕೊಂಡು ತೂತಿನ ಮುಂದೆ ಕೂತು, ದಾರವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದಳು.

ಅವನು ಬೋರ್ಡಿನ ಹಿಂದಿನ ಸಂದಿಗೆ ಬೆರಳು ಹಾಕಿ ತಡಕಿದ. ಆಮೇಲೆ, "ಬಂದಿದೆ," ಎಂದ. "ಕಾಂಕ್ರೀಟನ್ನ ಸುತ್ತಿ ಬಳಸಿ ತಂದಿದಾನೆ ಪುಣ್ಯಾತ್ಮ."

ವೈರಿನ ಸುರುಳಿಗಾಗಿ ಅವನು ಚೀಲಕ್ಕೆ ಕೈಹಾಕಿದ್ದು ಕಂಡು, ಜನ ಏನೆಂದಾರು, ಇವತ್ತೇ ಆಗಬೇಕೇ ಎಂದು ಅಳಿಯ ತಡವರಿಸಿದ.

"ಇವತ್ತೇ," ಎಂದಳು ಅವಳು. ಜೊತೆಗಾರ ವೈರಿನ ತುದಿಯನ್ನು ದಾರಕ್ಕೆ ಬಿಗಿದ. "ಇನ್ನೊಂದು ದಾರ ಸೇರಿಸಿದ್ರಾ?" ಎಂದು ಅವಳೇ ಕೇಳಿದಳು.

ಅವನು ಮರೆತಿದ್ದ. ಮುಂದೆ ಬರುವವನಿಗೊಂದು ದಾರ ಬಿಡದೆ ಗೋಡೆ ಮುಚ್ಚಬಾರದು ಎಂಬುದು ಅವಳ ಗಂಡನ ಪಾಠ. ತಲೆ ತಗ್ಗಿಸಿ ಇನ್ನೊಂದು ಗಂಟು ಹಾಕಿದ.

ಅವಳು ಎಳೆಯತೊಡಗಿದಳು. ಹೊರಗೆ ಆಸ್ಪತ್ರೆಯ ಗಾಡಿ ನಿಂತ ಸದ್ದಾಯಿತು. ಗೋಡೆಯೊಳಗಿನ ಗರಗರ ಹತ್ತಿರ ಹತ್ತಿರ ಬಂತು. ತೂತಿನಿಂದ ಮೊದಲು ಒಂದು ಹಿಡಿ ಬಿಳಿ ಪುಡಿ ಅವಳ ಮಡಿಲಿಗೆ ಉದುರಿತು, ಹಿಂದೆಯೇ ಕೆಂಪು ವೈರಿನ ತುದಿ ಇಣುಕಿತು.

ಅದನ್ನು ಮೊಳೆಗೆ ಸುತ್ತಿ, ಕುರ್ಚಿಯ ಕೈ ಹಿಡಿದು ಎದ್ದಳು. ಪುಡಿಯನ್ನು ಕೊಡವಿಕೊಳ್ಳದೆ ನಡುಮನೆಗೆ ನಡೆದಳು.