ಲೋಬಾನದ ಹೊಗೆ

ಡಿಸ್ಕಿನ ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ವಿಜಯಲಕ್ಷ್ಮಿಯ ಮೂಗಿಗೆ ಲೋಬಾನದ ವಾಸನೆ ತಾಕಿತು. ಚಿಕ್ಕವಳಿದ್ದಾಗ ಮಹಾನವಮಿಯ ಖಂಡೆಪೂಜೆಗೆ ಅಪ್ಪ ಮಗ್ಗದ ಸುತ್ತ ಕೆಂಡದ ತಟ್ಟೆ ಆಡಿಸುತ್ತಿದ್ದ. ಹೊಗೆಯಲ್ಲಿ ಅವನ ಮುಖವೇ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಆ ವಾಸನೆ ಬಂದರೆ ಹೊಸ ಲಂಗ ನೆನಪಾಗಿ ಅವಳಿಗೆ ಹಿಗ್ಗು. ಇಂದು ಒಂದು ಹೆಜ್ಜೆ ಹಿಂದೆ ಸರಿದಳು.

ಬಸವನ ಬಾಗೇವಾಡಿಯ ಆ ಎಣ್ಣೆ ಗಿರಣಿಯಲ್ಲಿ ಕಂಪ್ಯೂಟರ್ ಎಂದರೆ ಎರಡು ಕಪಾಟು ಜೋಡಿಸಿಟ್ಟಂಥ ಯಂತ್ರ. ಸೊಲ್ಲಾಪುರದ ಗಿರಣಿಯೊಂದು ಮುಚ್ಚಿದಾಗ ಹಳೆಯದನ್ನೇ ಕೊಂಡು ತಂದಿದ್ದರು. ಬೇರೆ ಕಡೆ ಮೇಜಿನ ಮೇಲಿಡುವ ಕಂಪ್ಯೂಟರುಗಳು ಬಂದಿದ್ದರೂ ರೈತರು ತಂದ ಕುಸುಬಿಯ ಲೆಕ್ಕವನ್ನೆಲ್ಲ ಇಲ್ಲಿ ಅದೇ ನೋಡಿಕೊಳ್ಳುತ್ತಿತ್ತು. ಅದನ್ನು ವಿಜಯಲಕ್ಷ್ಮಿ ನೋಡಿಕೊಳ್ಳುತ್ತಿದ್ದಳು. ಹಬ್ಬದ ರಜೆ ಮುಗಿಸಿ ಬಂದು ಗುಂಡಿ ಒತ್ತಿದರೆ ದೀಪಗಳೇನೋ ಹತ್ತಿದವು, ಡಿಸ್ಕು ತಿರುಗಿತು. ಆಮೇಲೆ ಒಳಗೆ ತಗಡು ಕೆರೆದಂಥ ಸದ್ದು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ವಿಜಾಪುರದಿಂದ ಬಂದ ಮೆಕ್ಯಾನಿಕ್ ಕಲ್ಮೇಶ ಬೆಳಗಿನಿಂದ ಕರೆಂಟು ನೋಡಿದ, ವೈರು ನೋಡಿದ, ಒಳಗಿನ ಕಾರ್ಡುಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚು ತಿಕ್ಕಿ ಮತ್ತೆ ಕೂರಿಸಿದ. ಕೊನೆಗೆ ಈ ಮುಚ್ಚಳ ತೆಗೆದಿದ್ದ.

"ನೋಡ್ರಿ, ಡಿಸ್ಕಿನ ತಟ್ಟಿ ಮ್ಯಾಲ ಹೆಂಗ ಗೀರ ಬಿದ್ದೈತಿ," ಎಂದ. "ತಟ್ಟಿಗೂ ಓದೋ ಹೆಡ್ಡಿಗೂ ನಡುವ ಕೂದಲೆಳಿ ಹಿಡಿಯೂವಷ್ಟೂ ಜಾಗ ಇರಂಗಿಲ್ರಿ. ಹೊಗಿ ಹೊಕ್ಕು ಕೆಡಿಸೈತಿ. ಯಾರೋ ಚಾಲೂ ಇದ್ದಾಗ ಇಲ್ಲೇ ಹೊಗಿ ಬಿಟ್ಟಾರ. ವಾಸನಿ ಹಿಡದು ಹೇಳೂಣಂದ್ರ ನನಗ ನೆಗಡಿ."

"ವಾಸನಿ ಯಾಕ ಬೇಕು?" ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಚನ್ನಬಸಯ್ಯ ಹೊರಗೆ ತಿರುಗಿ ಕೂಗಿದರು, "ಏ ದಾವಲ್ಯಾ, ಬಾ ಇಲ್ಲೆ!"

ಗೇಟು ಕಾಯುವ ದಾವಲಮಲಿಕ ಟೋಪಿ ಸರಿಮಾಡಿಕೊಳ್ಳುತ್ತ ಬಂದ. ಮ್ಯಾನೇಜರರಿಗಿಂತ ವಯಸ್ಸಿನಲ್ಲಿ ಹಿರಿಯ.

"ಮಷೀನಿನ ಖೋಲಿ ತಂಪೈತಂತ ಒಳಗ ನಿಂತು ಬೀಡಿ ಎಳದಿಯಲ್ಲೊ?"

"ಇಲ್ರಿ ಸಾಹೇಬ್ರ. ಒಳಗ ಎಂದೂ ಸೇದಿಲ್ರಿ."

"ಹಂಗಾರ ಮಷೀನೇ ಬೀಡಿ ಸೇದಿತೇನು? ಸಾಕು, ನಾಳಿಯಿಂದ ಬರಬ್ಯಾಡ."

ಕಲ್ಮೇಶ ಕಿಸಕ್ಕೆಂದವನು ಮುದುಕನ ಮುಖ ನೋಡಿ ಸುಮ್ಮನಾದ. ದಾವಲಮಲಿಕ ವಿಜಯಲಕ್ಷ್ಮಿಯತ್ತ ಒಮ್ಮೆ ಕಣ್ಣೆತ್ತಿದ, ಕೂಡಲೇ ತಗ್ಗಿಸಿದ. ಕಿಸೆಯ ಬೀಡಿಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದ.

ಅವಳು ಆ ಬೀಡಿಕಟ್ಟನ್ನೇ ನೋಡುತ್ತ ನಿಂತಳು. ಖಂಡೆಪೂಜೆಯ ದಿನ ಗಾಣಕ್ಕೆ, ತೂಕದ ಕಾಟಾಕ್ಕೆ, ಲಾರಿಗೆ ಎಲ್ಲಕ್ಕೂ ಹೂವೇರಿದ್ದವು. "ನಮ್ಮ ಮಷೀನ ಏನು ಪಾಪ ಮಾಡೈತಿ?" ಎಂದು ಅವಳು ಅಂದದ್ದೇ ತಡ, ದಾವಲಮಲಿಕ ಚಹಾದಂಗಡಿಗೆ ಹೋಗಿ ಕೆಂಡ ತಂದಿದ್ದ. ದುಡಿಯುತ್ತಿರುವಾಗಲೇ ಪೂಜೆಯಾಗಲೆಂದು ಯಂತ್ರ ನಿಲ್ಲಿಸದೆ, ಫ್ಯಾನಿನ ಜಾಲರಿಯ ಮುಂದೆ ಅವಳು ಲೋಬಾನ ಹಾಕಿದ್ದಳು. ಹೊಗೆಯೆಲ್ಲ ಸರಸರ ಒಳಗೆ ಎಳೆದುಕೊಂಡದ್ದು ಕಂಡು, ಪೂಜೆ ಒಪ್ಪಿಸಿಕೊಂಡಿತೆಂದು ಕೈ ಮುಗಿದಿದ್ದಳು.

ಕಲ್ಮೇಶನಿಗೆ ಒಂದೊಂದೇ ಸ್ಕ್ರೂ ಎತ್ತಿಕೊಡುತ್ತ ಸ್ವಲ್ಪ ಹೊತ್ತು ನಿಂತಳು. ಒಂದು ಕೈಜಾರಿ ಬಿತ್ತು. ಅದನ್ನು ಹುಡುಕದೆ ಹೊರಗೆ ಬಂದಳು.

ದಾವಲಮಲಿಕ ಗೇಟಿನ ಬಳಿ ತನ್ನ ಕಂಬಳಿ ಮಡಚುತ್ತಿದ್ದ.

"ಕಾಕಾ, ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ ಅಕ್ಕಾರ? ದೇವರ ಕೆಲಸ ಮಾಡೀರಿ. ಕೆಂಡ ತಂದಾವ ನಾನೇ," ಎಂದು ನಕ್ಕ. "ನಿಮಗ ಬೈದ್ರ ತಾಳಾಕ ಆಗೂದಿಲ್ಲ. ನನಗೇನು, ರೂಢಿ ಐತಿ."

ಆ ಮಾತು ಅವಳನ್ನು ಇನ್ನಷ್ಟು ಚುಚ್ಚಿತು. ಬಂದ ದಾರಿಯಲ್ಲೇ ತಿರುಗಿ ಮ್ಯಾನೇಜರರ ಮುಂದೆ ಹೋಗಿ ನಿಂತಳು.

"ಅದು ಬೀಡಿ ಹೊಗಿ ಅಲ್ರಿ ಸರ್. ಹಬ್ಬದ ದಿನ ನಾನು ಲೋಬಾನ ಹಾಕಿದ್ದೆ. ಆಗ... ಆಗ ಬೈಯುವಾಗ ನಾನು ಬಾಯಿ ಬಿಡಲಿಲ್ಲ."

ಚನ್ನಬಸಯ್ಯ ಮೇಜಿನ ಮೇಲಿದ್ದ ಬೀಡಿಕಟ್ಟನ್ನು ಅತ್ತ ಸರಿಸಿದರು, ಮತ್ತೆ ಇತ್ತ ಸರಿಸಿದರು. "ಖೋಲಿ ಚಾವಿ ಇಲ್ಲಿಡ್ರಿ," ಎಂದರು ಕೊನೆಗೆ. "ನಾಳಿಯಿಂದ ಕಾಟಾದ ಹತ್ರ ಕುಂದರ್ರಿ. ಮುಂದಿಂದು ಸಂಚಾಲಕರು ನೋಡ್ತಾರ." ಅವಳು ಚಾವಿ ಮೇಜಿನ ಮೇಲಿಟ್ಟು ಬಾಗಿಲು ದಾಟುವಾಗ ದನಿ ತಗ್ಗಿಸಿದರು. "ಆ ಮುದುಕಗ... ಹೋಗಬ್ಯಾಡಂತ ಹೇಳ್ರಿ."

ಅವಳು ಹೇಳಿದಳು. ದಾವಲಮಲಿಕ ಕೇಳಿಸಿಕೊಂಡು ಮಡಚಿದ ಕಂಬಳಿಯನ್ನು ಮತ್ತೆ ಬಿಚ್ಚಿ ಹಾಸಿದ. ದಿನಾ ಖೋಲಿಯ ಚಾವಿ ಹಿಡಿದಿರುತ್ತಿದ್ದ ಅವಳ ಬರಿಗೈ ನೋಡಿದ. ವಿಜಯಲಕ್ಷ್ಮಿ ಅಲ್ಲೇ ಕಟ್ಟೆಯ ತುದಿಗೆ ಕುಳಿತಳು. ಊಟದ ಹೊತ್ತಿಗೆ ಅವಳು ದಿನಾ ಮನೆಗೆ ಹೋಗುವವಳು; ಗಿರಣಿಯಲ್ಲಿ ಯಾರ ಜೊತೆಗೂ ಒಂದು ತುತ್ತು ತಿಂದವಳಲ್ಲ. ಇಂದು ಮನೆಗೆ ಹೋಗಲಿಲ್ಲ.

ಅವನು ಬುತ್ತಿ ಬಿಚ್ಚಿದ. ಎರಡು ರೊಟ್ಟಿಯಲ್ಲಿ ಒಂದನ್ನು ತೆಗೆದು, ಮೇಲೆ ಪುಂಡಿಪಲ್ಯ ಇಟ್ಟು, ಬೇರೆ ಕಡೆ ನೋಡುತ್ತಲೇ ಅವಳತ್ತ ಕೈ ಚಾಚಿದ. ಅವಳು ಎರಡೂ ಕೈಯೊಡ್ಡಿದಳು.